ಪೊಟ್ಯಾಸಿಯಂ ಹೊರಹೋಗುವ ದಾರಿ ಸಿಕ್ಕಿದ್ದು ಹೀಗೆ

ಮೂತ್ರಪಿಂಡದ ಸಣ್ಣ ನಳಿಕೆಗಳ ಗೋಡೆ ಒಂದೇ ಪದರದ ಜೀವಕೋಶಗಳಿಂದ ಆದದ್ದು. ಆ ಕೋಶಗಳ ಪೊರೆಯಲ್ಲಿ ಪೊಟ್ಯಾಸಿಯಂ ಅಯಾನುಗಳಿಗೆ ದಾರಿಬಿಟ್ಟು ಸೋಡಿಯಂ ಅನ್ನು ತಡೆಯುವ ಪ್ರೋಟೀನ್ ರಂಧ್ರಗಳಿವೆ. ಇವೇ ಪೊಟ್ಯಾಸಿಯಂ ಚಾನೆಲ್‌ಗಳು. ದೇಹದ ಪೊಟ್ಯಾಸಿಯಂನಲ್ಲಿ ಸುಮಾರು ಶೇ 98ರಷ್ಟು ಜೀವಕೋಶಗಳ ಒಳಗೇ ಇರುತ್ತದೆ. ರಕ್ತದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್ ಆಸುಪಾಸಿನಲ್ಲಿರಬೇಕು. ತೀರಾ ಏರಿದರೂ ಇಳಿದರೂ ಹೃದಯದ ಬಡಿತ ಹದ ತಪ್ಪುತ್ತದೆ. ಊಟದಿಂದ ಬಂದ ಹೆಚ್ಚುವರಿಯನ್ನು ಹೊರಹಾಕುವ ಮುಖ್ಯ ಹೊಣೆ ಮೂತ್ರಪಿಂಡದ್ದು.

ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಹೀರಿಕೊಂಡು ಉಳಿದ ಪೊಟ್ಯಾಸಿಯಂ ಮೂತ್ರಕ್ಕೆ ಬರುತ್ತದೆ ಎಂಬುದು ಮೊದಲಿನ ಎಣಿಕೆ. 1940ರ ದಶಕದ ಕೊನೆಯಲ್ಲಿ ನಡೆದ ಪ್ರಯೋಗಗಳಲ್ಲಿ, ಸೋಸಿದ್ದಕ್ಕಿಂತ ಹೆಚ್ಚು ಪೊಟ್ಯಾಸಿಯಂ ಮೂತ್ರದಲ್ಲಿ ಸಿಗುವುದೂ ಉಂಟೆಂದು ಗೊತ್ತಾಯಿತು. ಅಂದಮೇಲೆ ನಳಿಕೆಯೇ ಅದನ್ನು ಸ್ರವಿಸುತ್ತಿರಬೇಕು. ಎಲ್ಲಿ ಎಂಬುದಕ್ಕೆ 1964ರಲ್ಲಿ ಉತ್ತರ ಸಿಕ್ಕಿತು. ಗೆರ್ಹಾರ್ಡ್ ಮಾಲ್ನಿಕ್, ಕ್ಲೋಸ್ ಮತ್ತು ಗೆರ್ಹಾರ್ಡ್ ಗೀಬಿಶ್ ಇಲಿಯ ನಳಿಕೆಗಳಿಗೆ ಅತಿಸಣ್ಣ ಗಾಜಿನ ಸೂಜಿ ಚುಚ್ಚಿ, ಅಲ್ಲಲ್ಲಿನ ದ್ರವ ತೆಗೆದು ಅಳೆದರು. ಸೋಸಿಬಂದ ಪೊಟ್ಯಾಸಿಯಂನ ಬಹುಪಾಲು ನಳಿಕೆಯ ಮುಂಭಾಗಗಳಲ್ಲೇ ರಕ್ತಕ್ಕೆ ಮರಳುತ್ತಿತ್ತು. ಮೂತ್ರದಲ್ಲಿ ಹೋಗುತ್ತಿದ್ದುದು ಹೆಚ್ಚಾಗಿ ಕೊನೆಯ ಭಾಗದ ಕೋಶಗಳು ಹೊಸದಾಗಿ ಸುರಿದದ್ದು.

ಕೋಶದೊಳಕ್ಕೆ ಪೊಟ್ಯಾಸಿಯಂ ತುಂಬುವ ಸೋಡಿಯಂ-ಪೊಟ್ಯಾಸಿಯಂ ಪಂಪ್ ಅನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲೇ ವಿವರಿಸಿದ್ದರು. ಒಳಗೆ ತುಂಬಿದ್ದು ಹೊರಬೀಳುವ ರಂಧ್ರವನ್ನು ಹಿಡಿಯಲು ಮಾತ್ರ ಹೊಸ ಉಪಕರಣ ಬೇಕಾಯಿತು. ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ 1976ರಲ್ಲಿ ತಂದ ಪ್ಯಾಚ್ ಕ್ಲ್ಯಾಂಪ್ ವಿಧಾನದಿಂದ ಒಂದೇ ಒಂದು ಚಾನೆಲ್‌ನಲ್ಲಿ ಹರಿಯುವ ವಿದ್ಯುತ್ತನ್ನೂ ಅಳೆಯಲು ಸಾಧ್ಯವಾಯಿತು. 1980ರ ದಶಕದಲ್ಲಿ, ಆ ಕೊನೆಯ ಭಾಗದಲ್ಲಿರುವ ಸಂಗ್ರಾಹಕ ನಳಿಕೆಯ ಕೋಶಗಳಲ್ಲಿ ಎರಡು ಬಗೆಯ ಚಾನೆಲ್‌ಗಳು ಕಂಡವು: ಅಪರೂಪಕ್ಕೆ ತೆರೆಯುವ ದೊಡ್ಡದೊಂದು, ಬಹುಕಾಲ ತೆರೆದೇ ಇರುವ ಚಿಕ್ಕದೊಂದು. 1993ರಲ್ಲಿ ಸ್ಟೀವನ್ ಹೆಬರ್ಟ್ ಅವರ ತಂಡ ಇಲಿಯ ಮೂತ್ರಪಿಂಡದಿಂದ ಒಂದು ಚಾನೆಲ್‌ನ ವಂಶವಾಹಿ ಸಂಕೇತವನ್ನು ಪ್ರತ್ಯೇಕಿಸಿ, ಕಪ್ಪೆಯ ಮೊಟ್ಟೆಯಲ್ಲಿ ಅದನ್ನು ಕೆಲಸಕ್ಕೆ ಹಚ್ಚಿ ತೋರಿಸಿತು. ಅದಕ್ಕೆ ರೋಮ್‌ಕೆ ಎಂಬ ಹೆಸರು ಬಂತು. ಆ ಚಿಕ್ಕ ಚಾನೆಲ್ ಇದೇ ಎಂದು ಮುಂದೆ ಖಚಿತವಾಯಿತು.

ರೋಮ್‌ಕೆಗೆ ಎರಡು ಕಡೆ ಎರಡು ಕೆಲಸ. ನಳಿಕೆಯ ನಡುವೆ ಬರುವ ಹೆನ್ಲೆ ಕುಣಿಕೆಯ ಏರು ಭಾಗದಲ್ಲಿ ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡ್ ಒಟ್ಟಿಗೇ ಕೋಶದೊಳಗೆ ಬರಬೇಕು. ಅಲ್ಲಿನ ದ್ರವದಲ್ಲಿ ಸೋಡಿಯಂ ಹೇರಳ, ಪೊಟ್ಯಾಸಿಯಂ ಕಡಿಮೆ. ಒಳಬಂದ ಪೊಟ್ಯಾಸಿಯಂ ರೋಮ್‌ಕೆ ಮೂಲಕ ಮತ್ತೆ ದ್ರವಕ್ಕೆ ಮರಳಿದರೆ ಮಾತ್ರ ಉಪ್ಪನ್ನು ಹೀರುವ ಕೆಲಸ ಮುಂದುವರಿಯುತ್ತದೆ. ಸಂಗ್ರಾಹಕ ನಳಿಕೆಯಲ್ಲಾದರೋ ಇದೇ ಚಾನೆಲ್ ಹೆಚ್ಚುವರಿ ಪೊಟ್ಯಾಸಿಯಂ ಅನ್ನು ಮೂತ್ರಕ್ಕೆ ಬಿಡುತ್ತದೆ.

ಇದಕ್ಕೆ ಪುರಾವೆ ಒದಗಿಸಿದ್ದು ಒಂದು ಕಾಯಿಲೆ. ಉಪ್ಪು ಮತ್ತು ಪೊಟ್ಯಾಸಿಯಂ ಮೂತ್ರದಲ್ಲಿ ಸೋರಿಹೋಗುವ ಬಾರ್ಟರ್ ಸಿಂಡ್ರೋಮ್ ಅನ್ನು ಫ್ರೆಡೆರಿಕ್ ಬಾರ್ಟರ್ 1962ರಲ್ಲಿ ವಿವರಿಸಿದ್ದರು. ಕೆಲವು ರೋಗಿಗಳಲ್ಲಿ ರೋಮ್‌ಕೆ ವಂಶವಾಹಿಯೇ ಕೆಟ್ಟಿದೆಯೆಂದು 1996ರಲ್ಲಿ ಯೇಲ್ ವಿಶ್ವವಿದ್ಯಾಲಯದ ರಿಚರ್ಡ್ ಲಿಫ್ಟನ್ ತಂಡ ತೋರಿಸಿತು. ಇಂಥ ಶಿಶುಗಳಲ್ಲಿ ಹುಟ್ಟಿದ ಮೊದಲ ದಿನಗಳಲ್ಲಿ ರಕ್ತದ ಪೊಟ್ಯಾಸಿಯಂ ಏರಿರುತ್ತದೆ, ಆಮೇಲೆ ಇಳಿಯುತ್ತದೆ. ಮೊದಲು ಹೊರಹೋಗುವ ದಾರಿಯೇ ಇರುವುದಿಲ್ಲ. ಮಗು ಬೆಳೆದಂತೆ, ದ್ರವದ ಹರಿವು ಹೆಚ್ಚಿದಾಗ ತೆರೆಯುವ ಆ ದೊಡ್ಡ ಚಾನೆಲ್ ಕೆಲಸ ಹೊರುತ್ತದೆ. ಉಪ್ಪಿನ ಸೋರಿಕೆಯಿಂದ ಹೆಚ್ಚಿದ ಆಲ್ಡೋಸ್ಟೆರೋನ್ ಹಾರ್ಮೋನು ಪೊಟ್ಯಾಸಿಯಂ ಅನ್ನು ಇನ್ನಷ್ಟು ಹೊರದೂಡುತ್ತದೆ.

ನಳಿಕೆಯ ಕೋಶಗಳ ರಕ್ತದ ಕಡೆಯ ಪೊರೆಯಲ್ಲಿ ಬೇರೆಯೇ ಚಾನೆಲ್‌ಗಳಿವೆ. ಅವುಗಳಲ್ಲೊಂದಾದ ಕಿರ್ 4.1 ಕೆಟ್ಟರೆ ಅಪಸ್ಮಾರ, ಕಿವುಡು, ನಡಿಗೆಯ ತೊಡಕು ಮತ್ತು ಉಪ್ಪಿನ ಸೋರಿಕೆ ಒಟ್ಟಿಗೆ ಬರುತ್ತವೆಂದು 2009ರಲ್ಲಿ ತಿಳಿಯಿತು. ರಕ್ತದ ಪೊಟ್ಯಾಸಿಯಂ ಮಟ್ಟವನ್ನು ನಳಿಕೆ ಗ್ರಹಿಸುವುದೂ ಈ ಚಾನೆಲ್ ಮೂಲಕವೇ. ಮಟ್ಟ ಏರಿದಾಗ ನಳಿಕೆ ಉಪ್ಪು ಹೀರುವುದನ್ನು ತಗ್ಗಿಸುತ್ತದೆ. ಪೊಟ್ಯಾಸಿಯಂ ಹೆಚ್ಚಿರುವ ಆಹಾರ ರಕ್ತದೊತ್ತಡ ಇಳಿಸುವುದಕ್ಕೆ ಇದೂ ಒಂದು ಕಾರಣ.

ಮೂತ್ರಪಿಂಡ ಸೋತವರಲ್ಲಿ ಈ ಹೊರದಾರಿ ಕಿರಿದಾಗುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಹೊರಹೋಗುವುದನ್ನು ತಗ್ಗಿಸುತ್ತವೆ. ಅಂಥವರು ಎಳನೀರು, ಬಾಳೆಹಣ್ಣು, ಪೊಟ್ಯಾಸಿಯಂ ಬೆರೆತ ‘ಕಡಿಮೆ ಸೋಡಿಯಂ’ ಉಪ್ಪನ್ನು ವೈದ್ಯರನ್ನು ಕೇಳಿಯೇ ಬಳಸಬೇಕು.