ಏರುಮಡಿಯ ಅಂಚಿಗೆ ಕೃತಕ ಹುಲ್ಲು

ಹಿತ್ತಿಲಿನಲ್ಲಿ ನೆಲದಿಂದ ಒಂದೆರಡು ಅಡಿ ಎತ್ತರಕ್ಕೆ ಇಟ್ಟಿಗೆಯ ಕಟ್ಟೆ ಕಟ್ಟಿ, ಅದರೊಳಗೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿಗಳನ್ನು ಬೆರೆಸಿ ತುಂಬಿ, ಮನೆಗೆ ಬೇಕಾದ ಸೊಪ್ಪುಸದೆಗಳನ್ನು ಬೆಳೆದುಕೊಳ್ಳುವ ಪದ್ಧತಿಯು ಬೆಂಗಳೂರಿನ ಬಡಾವಣೆಗಳಲ್ಲಿ ಈಗ ಅಪರೂಪವೇನೂ ಅಲ್ಲ. ಆದರೆ ಮಡಿಯೊಳಗಿನ ಮಣ್ಣಿನ ವಿಷಯದಲ್ಲಿ ಇಷ್ಟೊಂದು ಶ್ರದ್ಧೆ ವಹಿಸುವ ಗೃಹಸ್ಥರು, ಮಡಿಯ ಬುಡದಲ್ಲಿ ತಾವು ನಿಂತು, ಕುಳಿತು, ಮಂಡಿಯೂರಿ ಕೆಲಸಮಾಡುವ ಒಂದೂವರೆ ಅಡಿ ಅಗಲದ ನೆಲವನ್ನು ಮರೆತುಬಿಡುವುದುಂಟು. ಮಳೆಗಾಲದಲ್ಲಿ ಕೆಸರಾಗುವುದೂ, ಬೇಸಗೆಯಲ್ಲಿ ಧೂಳೇಳುವುದೂ, ವರ್ಷವಿಡೀ ಕಳೆಗಳು ಒಳನುಸುಳಲು ಹೊಂಚುವುದೂ ಆ ಅಂಚಿನಲ್ಲಿಯೇ.

ಅಲ್ಲಿ ಜೀವಂತ ಹುಲ್ಲನ್ನೇ ಬೆಳೆಸಬಾರದೇಕೆಂಬ ಪ್ರಶ್ನೆ ಸಹಜವಾದುದು. ನಮ್ಮ ಗರಿಕೆಯು ಪೂಜೆಗೆ ಪವಿತ್ರವಾದುದು, ದನಕರುಗಳಿಗೆ ಪ್ರಿಯವಾದುದು, ಮಣ್ಣಿನ ಸವಕಳಿಯನ್ನು ತಡೆಯುವುದರಲ್ಲಿ ಅಸಮಾನವಾದುದು. ಆದರೆ ನೆಲದ ಮೇಲೆ ಹಬ್ಬುವ ಬಳ್ಳಿಯಿಂದಲೂ ನೆಲದೊಳಗೆ ಹರಿಯುವ ಕಾಂಡದಿಂದಲೂ ಗೆಣ್ಣುಗೆಣ್ಣಿಗೆ ಬೇರೂರುತ್ತ ಮುನ್ನಡೆಯುವ ಅದರ ಸ್ವಭಾವವೇ ತರಕಾರಿಯ ಮಡಿಗೆ ಮಾರಕವಾಗುತ್ತದೆ. ಇಟ್ಟಿಗೆಯ ಸಂದಿನಲ್ಲಿ ಒಮ್ಮೆ ಒಳಹೊಕ್ಕ ಗರಿಕೆಯನ್ನು ಕಿತ್ತರೂ, ಮಣ್ಣಿನಲ್ಲಿ ಉಳಿದ ತುಂಡೊಂದೇ ಮತ್ತೆ ಚಿಗುರಲು ಸಾಕು. ಹುಲ್ಲಿನ ಹಿತವೂ ಮೆತ್ತನೆಯ ಸ್ಪರ್ಶವೂ ಬೇಕು, ಆದರೆ ಅದು ಹಬ್ಬಬಾರದು ಎಂಬ ಈ ಇಕ್ಕಟ್ಟಿನಲ್ಲಿಯೇ ಕೃತಕ ಹುಲ್ಲುಹಾಸಿಗೆ ಮನೆಯ ತೋಟದಲ್ಲಿ ನ್ಯಾಯವಾದ ಒಂದು ಸ್ಥಾನ ದೊರೆಯುತ್ತದೆ.

ಈ ವಸ್ತುವಿನ ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. ಅಮೆರಿಕದ ಪ್ರಾವಿಡೆನ್ಸ್ ನಗರದ ಮೋಸೆಸ್ ಬ್ರೌನ್ ಶಾಲೆಯಲ್ಲಿ 1964ರಲ್ಲಿ ಮೊದಲು ಹಾಸಲ್ಪಟ್ಟ ಈ ನೈಲಾನ್ ಹುಲ್ಲು ಲೋಕಪ್ರಸಿದ್ಧವಾದುದು ಹ್ಯೂಸ್ಟನ್ನಿನ ಆಸ್ಟ್ರೋಡೋಮ್ ಕ್ರೀಡಾಂಗಣದಿಂದ. 1965ರಲ್ಲಿ ತೆರೆದ ಆ ಕ್ರೀಡಾಂಗಣದ ಪಾರದರ್ಶಕ ಛಾವಣಿಯ ಪ್ರಖರ ಬೆಳಕಿಗೆ ಆಟಗಾರರ ಕಣ್ಣು ಕೋರೈಸಲು, ಛಾವಣಿಗೆ ಬಣ್ಣ ಬಳಿಯಲಾಯಿತು; ಬೆಳಕು ಸಾಲದೆ ಒಳಗಿನ ನೈಜ ಹುಲ್ಲು ಸತ್ತುಹೋಯಿತು; ಮರುವರ್ಷ ಕೃತಕ ಹುಲ್ಲು ಅದರ ಸ್ಥಾನಕ್ಕೆ ಬಂದು, ಆಸ್ಟ್ರೋಟರ್ಫ್ ಎಂಬ ಹೆಸರನ್ನು ಪಡೆಯಿತು. ನಮ್ಮಲ್ಲಿ ಹಾಕಿಯ ಅಭಿಮಾನಿಗಳು ಈ ಹೆಸರನ್ನು ನೋವಿನಿಂದಲೇ ಕೇಳಿರಬೇಕು: 1975ರಲ್ಲಿ ವಿಶ್ವಕಪ್ ಗೆದ್ದ ಭಾರತವು, ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಕೃತಕ ಹಾಸಿನ ಮೇಲೆ ಏಳನೆಯ ಸ್ಥಾನಕ್ಕೆ ಇಳಿಯಿತು. ನೈಜ ಹುಲ್ಲು ಬದುಕಲಾರದ ಎಡೆಗೆಂದು ಬಂದ ವಸ್ತುವನ್ನು ಅದು ಸುಖವಾಗಿ ಬದುಕಬಲ್ಲ ಅಂಗಳಕ್ಕೆಲ್ಲ ಹಾಸುವುದು ನನಗೆ ಒಪ್ಪಿಗೆಯಾದುದಲ್ಲ; ಮಡಿಯ ಕಿರಿದಾದ ಅಂಚಿನ ಮಾತು ಬೇರೆ.

ಇಂದು ಅಂಗಡಿಗಳಲ್ಲಿ ದೊರೆಯುವ ಹಾಸಿನ ಎಸಳುಗಳು ಬಹುಮಟ್ಟಿಗೆ ಪಾಲಿಥಿಲೀನಿನವು. ಅವನ್ನು ಪಾಲಿಪ್ರೊಪಿಲೀನ್ ಬಟ್ಟೆಗೆ ಹೊಲಿದು ಬೆನ್ನಿಗೆ ಲ್ಯಾಟೆಕ್ಸನ್ನೋ ಪಾಲಿಯುರೆಥೇನನ್ನೋ ಲೇಪಿಸಿ, ನೀರಿಳಿಯಲು ರಂಧ್ರಗಳನ್ನು ಕೊರೆದಿರುತ್ತಾರೆ. ಅಂಚಿಗೆ 20 ರಿಂದ 25 ಮಿಲಿಮೀಟರ್ ಎತ್ತರದ ಎಸಳು ಸಾಕು. ಅದಕ್ಕಿಂತ ಉದ್ದವಾದುದು ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಟದ ಮೈದಾನದಿಂದ ಕಿತ್ತು ತಂದ ಹಳೆಯ ಹಾಸು ಅಗ್ಗವಾಗಿ ಸಿಕ್ಕಿದರೂ ಉಣ್ಣುವ ಸೊಪ್ಪಿನ ಪಕ್ಕದಲ್ಲಿ ಅದು ಬೇಡವೇ ಬೇಡ. ಹಳೆಯ ನೈಲಾನ್ ಹಾಸುಗಳ ಬಣ್ಣದಲ್ಲಿ ಸೀಸ ಕಂಡುಬಂದು, 2008ರಲ್ಲಿ ಅಮೆರಿಕದ ರೋಗನಿಯಂತ್ರಣ ಸಂಸ್ಥೆಯು ಎಚ್ಚರಿಕೆ ಹೊರಡಿಸಬೇಕಾಯಿತು. ಎಸಳುಗಳ ನಡುವೆ ತುಂಬುವ ರಬ್ಬರ್ ಹರಳು ಮಣ್ಣುನೀರುಗಳನ್ನು ಸೇರುವ ಸೂಕ್ಷ್ಮ ಪ್ಲಾಸ್ಟಿಕ್ ಆದುದರಿಂದ ಅದರ ಮಾರಾಟವನ್ನು ಎಂಟು ವರ್ಷಗಳ ಅವಧಿಯ ಬಳಿಕ ನಿಲ್ಲಿಸಲು ಯುರೋಪಿನ ಒಕ್ಕೂಟವು 2023ರಲ್ಲಿ ನಿಯಮ ಮಾಡಿತು.

ಹಾಸುವ ಕೆಲಸದಲ್ಲಿ ಮುಖ್ಯವಾದುದು ಹಾಸಿನ ಕೆಳಗಿನ ನೆಲ. ಎರಡು ಮೂರು ಅಂಗುಲ ಮಣ್ಣು ತೆಗೆದು, ಗರಿಕೆಯ ಕಾಂಡಗಳನ್ನೂ ಜೇಕಿನ ಗಡ್ಡೆಗಳನ್ನೂ ತಾಳ್ಮೆಯಿಂದ ಆಯ್ದು, ಕಲ್ಲುಪುಡಿಯನ್ನು ಹರಡಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದು, ಮಡಿಯಿಂದ ಹೊರಮುಖವಾಗಿ ನಸು ಇಳಿಜಾರು ಕೊಡಬೇಕು. ಹಾಸು ಕಟ್ಟೆಯ ಬುಡಕ್ಕೆ ತಾಗುವಂತೆ ಇರಬಾರದು. ಕಟ್ಟೆಯ ಅಡಿಸಾಲಿನ ರಂಧ್ರಗಳಿಂದ ಬಸಿಯುವ ನೀರಿಗೆ ದಾರಿ ಬೇಕಾದುದರಿಂದ ನಡುವೆ ನಾಲ್ಕು ಅಂಗುಲದ ಜಾಗ ಬಿಟ್ಟು ಸಣ್ಣ ಜಲ್ಲಿ ತುಂಬುವುದು ಲೇಸು. ಕಳೆ ಬಂದರೂ ಆ ಜಲ್ಲಿಯ ಪಟ್ಟಿಯಲ್ಲಿಯೇ ಕಣ್ಣಿಗೆ ಬೀಳುತ್ತದೆ. ಹಾಸನ್ನು ಬೆನ್ನಿನ ಕಡೆಯಿಂದ, ಹೊಲಿಗೆಯ ಸಾಲುಗಳ ನಡುವೆ ಚೂರಿಯಾಡಿಸಿ ಕತ್ತರಿಸಬೇಕು; ಎಲ್ಲ ತುಂಡುಗಳ ಎಸಳೂ ಒಂದೇ ದಿಕ್ಕಿಗೆ ಬಾಗಿರುವಂತೆ ಜೋಡಿಸದಿದ್ದರೆ ಒಂದೊಂದು ತುಂಡು ಒಂದೊಂದು ಬಣ್ಣದ್ದಾಗಿ ತೋರುತ್ತದೆ. ತುಕ್ಕು ಹಿಡಿಯದ ಬಾಗುಮೊಳೆಗಳಿಂದ ಅಂಚನ್ನು ಭದ್ರಪಡಿಸಿದರೆ ಸಾಕು.

ಆದರೆ ಬಿಸಿಲಿನ ವಿಚಾರವನ್ನು ಅವಸರದಲ್ಲಿ ಹೇಳಿ ಮುಗಿಸುವಂತಿಲ್ಲ. ಬೇರಿನಿಂದ ಏರಿದ ನೀರನ್ನು ಎಲೆಗಳಿಂದ ಆವಿಯಾಗಿಸುತ್ತ ಜೀವಂತ ಹುಲ್ಲು ತನ್ನನ್ನೂ ತನ್ನ ಸುತ್ತಣ ಗಾಳಿಯನ್ನೂ ತಂಪಾಗಿರಿಸುತ್ತದೆ. ಪ್ಲಾಸ್ಟಿಕ್ಕಿನ ಎಸಳಿಗೆ ಆ ಉಪಾಯವಿಲ್ಲದುದರಿಂದ ನಡುಹಗಲಿನ ನೇರ ಬಿಸಿಲಿನಲ್ಲಿ ಅದರ ಮೈ 60 ಡಿಗ್ರಿ ಸೆಲ್ಸಿಯಸ್ಸನ್ನು ದಾಟಬಲ್ಲುದು. ನೀರು ಚಿಮುಕಿಸಿದರೆ ತಣಿದು, ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ಕಾಯುತ್ತದೆ. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಮಡಿಯ ಪಶ್ಚಿಮದ ಕಡೆ, ಅದರಲ್ಲಿಯೂ ಕಟ್ಟೆಯ ಹೊರಮೈಗೆ ಹಾಸನ್ನು ಅಂಟಿಸಿದಾಗ, ಈ ತಾಪವು ಇಟ್ಟಿಗೆಯ ಮೂಲಕ ಒಳಸೇರಿ, ಅಂಚಿಗೆ ಬಿತ್ತಿದ ಕೊತ್ತಂಬರಿ, ಮೆಂತ್ಯಗಳಂತಹ ಆಳಕ್ಕಿಳಿಯದ ಎಳೆಬೇರುಗಳನ್ನು ಬಾಡಿಸುತ್ತದೆ. ಆದುದರಿಂದ ಪಡುವಣ ಗೋಡೆಗೆ ಹಾಸನ್ನು ಹೊದಿಸದೆ, ದೊಡ್ಡಪತ್ರೆಯನ್ನೋ ಬಸಳೆಯನ್ನೋ ಅದರ ಮೇಲೆ ಇಳಿಬಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮೂಡಣ ಬದಿಯೂ, ಮನೆಯ ಅಥವಾ ಮರದ ನೆರಳು ಬೀಳುವ ಬದಿಯೂ ಕೃತಕ ಹುಲ್ಲಿಗೆ ತಕ್ಕವು.

ಅಗಲವನ್ನು ಒಂದೂವರೆ ಅಡಿಗೆ ಮಿತಗೊಳಿಸಲು ಇನ್ನೊಂದು ಕಾರಣವೂ ಉಂಟು. ಹಾಸಿನ ಕೆಳಗಿನ ನೆಲಕ್ಕೆ ಉದುರೆಲೆಯ ಆಹಾರ ತಲುಪದುದರಿಂದ ಎರೆಹುಳು ಮೊದಲಾದ ಜೀವಿಗಳು ಅಲ್ಲಿ ಕ್ಷೀಣಿಸುತ್ತವೆ.

ಎಸಳುಗಳ ನಡುವೆ ಉದುರಿದ ಗೊಬ್ಬರವನ್ನು ವಾರಕ್ಕೊಮ್ಮೆ ಗಡುಸಾದ ಪೊರಕೆಯಿಂದ ಎಸಳಿನ ಬಾಗಿಗೆ ಎದುರಾಗಿ ಗುಡಿಸಬೇಕು. ಇಲ್ಲವಾದರೆ ಅದೇ ಮಣ್ಣಾಗಿ, ಹಾರಿಬಂದ ಬೀಜಗಳು ಅಲ್ಲಿಯೇ ಮೊಳೆಯುವುವು. ತಾರಸಿಯ ಮೇಲೆ ಹಾಸುವವರು ಕೆಳಗೆ ನೀರು ನಿಲ್ಲದಂತೆ ರಂಧ್ರಗಳುಳ್ಳ ಪ್ಲಾಸ್ಟಿಕ್ ಹಲಗೆಗಳ ಮೇಲೆ ಅದನ್ನಿರಿಸಿ, ಮಳೆಗಾಲದಲ್ಲಿ ಆಗಾಗ ಎತ್ತಿ ಒಣಗಿಸಬೇಕು. ಬಿಸಿಲಿನ ಅತಿನೇರಳೆ ಕಿರಣಗಳಿಗೆ ಎಸಳು ಪೆಡಸಾಗಿ, ಉಜ್ಜಿದಾಗ ಪುಡಿಯುದುರತೊಡಗಿದ ಕೂಡಲೆ ಹಾಸನ್ನು ತೆಗೆದುಬಿಡತಕ್ಕದ್ದು, ಏಕೆಂದರೆ ಆ ಪುಡಿಯು ಗಾಳಿಯೊಡನೆ ಸೇರುವುದು ಪಕ್ಕದ ಸೊಪ್ಪಿನ ಮಡಿಯನ್ನೇ. ಬೇರೆ ಬೇರೆ ಪ್ಲಾಸ್ಟಿಕ್ಕುಗಳನ್ನು ಅಂಟಿಸಿ ಮಾಡಿದ ಈ ವಸ್ತುವನ್ನು ಮರುಬಳಕೆಗೆ ಬೇರ್ಪಡಿಸುವುದು ಕಷ್ಟವಾದುದರಿಂದ, ಕಿತ್ತ ಹಾಸನ್ನು ಒಲೆಗೂ ಕಸದ ಬೆಂಕಿಗೂ ಹಾಕದೆ, ಒಣಕಸದೊಡನೆ ಪ್ರತ್ಯೇಕವಾಗಿ ಸುತ್ತಿ ಕೊಡಬೇಕು.