ಕೋಲಾ ಲೆಕ್ಕದ ಮಂಡಿ, ಸರ್ಕಾರವೇ ದಲ್ಲಾಳಿ

ಸರ್ಕಾರ ರೈತರಿಂದ ಭತ್ತ ಕೊಳ್ಳುತ್ತೆ, ರಾಗಿ ಕೊಳ್ಳುತ್ತೆ, ತೊಗರಿ ಕೊಳ್ಳುತ್ತೆ. ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್‌ಗಳ ಸಾಲು ನಿಂತಿದ್ದನ್ನು ಇದೇ ಪರದೆ ಮೇಲೆ ಎಷ್ಟು ಸಲ ತೋರಿಸಿಲ್ಲ ನಾವು? ಆದರೆ ಒಂದು ಸರ್ಕಾರ ರೈತರ ಹತ್ತಿರ ಹೋಗಿ, 'ನಿಮ್ಮ ಜಮೀನಿನ ಮರದಲ್ಲಿ ಕೋಲಾ ಇದೆಯಾ, ಇದ್ದರೆ ಆ ಲೆಕ್ಕವನ್ನು ನಮಗೆ ಮಾರಿ, ರೇಟು ನೀವೇ ಹೇಳಿ' ಅಂದರೆ? ತಮಾಷೆ ಮಾಡುತ್ತಿಲ್ಲ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯ 2022ರ ಬಜೆಟ್‌ನಲ್ಲಿ ಈ ಖರೀದಿಗೆ ಅಂತಲೇ 106.7 ಮಿಲಿಯನ್ ಆಸ್ಟ್ರೇಲಿಯನ್ ಡಾಲರ್ ಎತ್ತಿಟ್ಟಿತು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 600 ಕೋಟಿ ರೂಪಾಯಿ. ಕೊಂಡಿದ್ದನ್ನು ಇಟ್ಟುಕೊಳ್ಳೋದಲ್ಲ, ಮಾರೋದು. ರಸ್ತೆ ಮಾಡುವವರಿಗೆ, ರೈಲು ಹಾಕುವವರಿಗೆ, ಬಡಾವಣೆ ಕಟ್ಟುವವರಿಗೆ.

ಇದೇನು ವ್ಯಾಪಾರ, ಇದರಲ್ಲಿ ಲಾಭ ಯಾರಿಗೆ, ಕಾಡು ಉಳಿಯುತ್ತಾ? ಇವತ್ತು ಇದನ್ನೇ ಬಿಡಿಸಿ ನೋಡೋಣ. ದೂರದ ಕಥೆ ಅಂತ ರಿಮೋಟ್ ಒತ್ತಬೇಡಿ. ಕ್ರೆಡಿಟ್ ಅನ್ನುವ ಆ ಪದ ನಮ್ಮ ಗೆಜೆಟ್‌ಗೂ ಬಂದು ಕೂತಿದೆ.

ಮೊದಲು ಕ್ರೆಡಿಟ್ ಅಂದರೆ ಏನು ಅಂತ ನೋಡಿ. ನ್ಯೂ ಸೌತ್ ವೇಲ್ಸ್‌ನಲ್ಲಿ 2016ರಲ್ಲಿ ಜೀವವೈವಿಧ್ಯ ಸಂರಕ್ಷಣಾ ಕಾಯ್ದೆ ಬಂತು, 2017ರ ಆಗಸ್ಟ್ 25ರಿಂದ ಜಾರಿಯಾಯಿತು. ಅದಕ್ಕೂ ಮೊದಲು 2008ರಿಂದ ಬಯೋಬ್ಯಾಂಕಿಂಗ್ ಅಂತ ಇಂಥದ್ದೇ ಒಂದು ಪ್ರಯೋಗ ನಡೆದಿತ್ತು. ಕಾಯ್ದೆಯ ತಿರುಳು ಇಷ್ಟು. ನೀವು ಕಟ್ಟಡ ಕಟ್ಟಲು, ಗಣಿ ತೆಗೆಯಲು, ಹೆದ್ದಾರಿ ಹಾಕಲು ಸಹಜ ಕಾಡನ್ನು ಕಡಿಯಬೇಕಾದರೆ ಮೊದಲು ಕಡಿಯದೇ ದಾರಿ ಇದೆಯಾ ನೋಡಿ. ಇಲ್ಲ ಅಂದರೆ ಆದಷ್ಟು ಕಡಿಮೆ ಕಡಿಯಿರಿ. ಆಮೇಲೂ ಉಳಿಯುವ ನಷ್ಟಕ್ಕೆ ಬೇರೆ ಕಡೆ ಅಂಥದ್ದೇ ಕಾಡನ್ನು ಕಾಪಾಡಿ ಸರಿದೂಗಿಸಿ. ಈ ಸರಿದೂಗಿಸುವ ಬಾಬ್ತಿಗೆ ಆಫ್‌ಸೆಟ್ ಅಂತ ಹೆಸರು. ಅದನ್ನು ಅಳೆಯುವ ಚೀಟಿಯೇ ಕ್ರೆಡಿಟ್.

ಬೆಂಗಳೂರಿನವರಿಗೆ ಟಿಡಿಆರ್ ಗೊತ್ತಲ್ಲ? ರಸ್ತೆ ಅಗಲೀಕರಣಕ್ಕೆ ನಿಮ್ಮ ಜಾಗ ಹೋಯಿತು, ದುಡ್ಡಿನ ಬದಲು ಒಂದು ಪತ್ರ ಕೊಟ್ಟರು, ಆ ಪತ್ರವನ್ನು ನೀವು ಬಿಲ್ಡರ್‌ಗೆ ಮಾರಿದಿರಿ, ಅವನು ಇನ್ನೊಂದು ಕಡೆ ಹೆಚ್ಚುವರಿ ಮಹಡಿ ಎತ್ತಿದ. ಇದೂ ಹೆಚ್ಚುಕಮ್ಮಿ ಅದೇ ಜಾತಿಯ ಪತ್ರ. ಒಂದು ವ್ಯತ್ಯಾಸ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈ ಪತ್ರ ಹುಟ್ಟೋದು ರೈತನ ಜಮೀನಿನಲ್ಲಿ. ಅವನ ಹೊಲದ ಅಂಚಿನಲ್ಲಿ ಹಳೆಯ ಯೂಕಲಿಪ್ಟಸ್ ಕಾಡು ಇದೆ ಅನ್ನಿ. ಅಲ್ಲಿಗೆ ಅದು ಪರದೇಶದ ನೀಲಗಿರಿ ಅಲ್ಲ ಸ್ವಾಮಿ, ಅವರ ಸ್ವಂತ ನೆಲದ ಮರ! ಮಾನ್ಯತೆ ಪಡೆದ ತಜ್ಞರೊಬ್ಬರು ಬಂದು ಸರ್ಕಾರ ನಿಗದಿ ಮಾಡಿದ ವಿಧಾನದಲ್ಲಿ ಅಳೆಯುತ್ತಾರೆ. ಯಾವ ಗಿಡ, ಯಾವ ಬಗೆಯ ಕಾಡು, ಅಳಿವಿನಂಚಿನ ಯಾವ ಪ್ರಾಣಿ ಪಕ್ಷಿ ಇದೆ, ಚೆನ್ನಾಗಿ ನೋಡಿಕೊಂಡರೆ ಈ ಜಾಗ ಎಷ್ಟು ಸುಧಾರಿಸುತ್ತೆ? ಅದರ ಮೇಲೆ ಕ್ರೆಡಿಟ್ ಎಷ್ಟು ಅನ್ನೋದು ತೀರ್ಮಾನ ಆಗುತ್ತೆ. ಎರಡು ಬಗೆ ಇವೆ, ಒಂದು ಇಡೀ ಕಾಡಿನ ವ್ಯವಸ್ಥೆಗೆ ಸಿಗುವ ಕ್ರೆಡಿಟ್, ಇನ್ನೊಂದು ನಿರ್ದಿಷ್ಟ ಜೀವಿಗೆ ಸಿಗುವಂಥದ್ದು.

ಆಮೇಲೆ ರೈತ ಒಂದು ಕರಾರಿಗೆ ಸಹಿ ಹಾಕಬೇಕು. ಇಲ್ಲಿ ಸ್ವಲ್ಪ ನಿಂತು ಕೇಳಿ, ಯಾಕಂದರೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಭಾರವಾದ ಕಾಗದ ಇದು. ಕರಾರು ಐದು ವರ್ಷಕ್ಕಲ್ಲ, ತೊಂಬತ್ತೊಂಬತ್ತು ವರ್ಷಕ್ಕೂ ಅಲ್ಲ. ಶಾಶ್ವತ. ಜಮೀನಿನ ಹಕ್ಕುಪತ್ರದ ಮೇಲೆಯೇ ಅದು ನಮೂದಾಗುತ್ತೆ. ನಮ್ಮ ಪಹಣಿಯ 11ನೇ ಕಾಲಂನಲ್ಲಿ ಋಣ ಬರೆಯುತ್ತಾರಲ್ಲ, ಹಾಗೆ. ಆದರೆ ಸಾಲ ತೀರಿದರೆ ಬ್ಯಾಂಕಿನ ಋಣ ಅಳಿಸಬಹುದು, ಈ ಋಣ ಅಳಿಸೋಕೆ ಆಗಲ್ಲ. ಮಗನಿಗೆ ಬಂದರೂ, ಮೊಮ್ಮಗ ಮಾರಿದರೂ, ಕೊಂಡವನಿಗೂ ಅದೇ ಕರಾರು. ಆ ಭಾಗದಲ್ಲಿ ಇನ್ನು ಉಳುಮೆ ಇಲ್ಲ, ಕಳೆ ತೆಗೆಯಬೇಕು, ಕಾಡುಬೆಕ್ಕು, ನರಿ, ಮೊಲದ ಹಾವಳಿ ತಡೆಯಬೇಕು, ಬೇಲಿ ಕಾಯಬೇಕು, ವರದಿ ಕೊಡಬೇಕು.

ಹಾಗಾದರೆ ದುಡ್ಡು? ಕ್ರೆಡಿಟ್ ಮಾರಿದಾಗ ಬರುವ ಹಣ ಎರಡು ಭಾಗ ಆಗುತ್ತೆ. ಮೊದಲ ಭಾಗ ರೈತನ ಜೇಬಿಗೆ ಹೋಗಲ್ಲ. ಅದು ಜೀವವೈವಿಧ್ಯ ಸಂರಕ್ಷಣಾ ಟ್ರಸ್ಟ್ ಅನ್ನುವ ಸರ್ಕಾರಿ ಸಂಸ್ಥೆ ನೋಡಿಕೊಳ್ಳುವ ನಿಧಿಗೆ ಠೇವಣಿಯಾಗಿ ಹೋಗುತ್ತೆ. ಅದರಿಂದ ಪ್ರತಿ ವರ್ಷ ನಿರ್ವಹಣೆ ಖರ್ಚು ವಾಪಸ್ ಬರುತ್ತೆ. ಮಿಕ್ಕಿದ್ದು ರೈತನದು. ಈ ಠೇವಣಿಯ ಏರ್ಪಾಡು ನನಗೆ ನಿಜವಾಗಿಯೂ ಇಷ್ಟವಾಯಿತು. ಸಸಿ ನೆಟ್ಟು, ಫೋಟೋ ತೆಗೆಸಿ, ಮರುವರ್ಷ ಅದೇ ಗುಂಡಿಗೆ ಮತ್ತೆ ಸಸಿ ನೆಡುವ ಕಾರ್ಯಕ್ರಮ ನಾವು ಎಷ್ಟು ನೋಡಿಲ್ಲ! ನೀರು ಹಾಕುವವನ ಸಂಬಳ ಎಲ್ಲಿಂದ ಬರುತ್ತೆ ಅಂತ ಮೊದಲೇ ಯೋಚಿಸಿದ ಯೋಜನೆಗಳು ಕಡಿಮೆ.

ಹೀಗಿದ್ದ ಮೇಲೆ ಸರ್ಕಾರ ನಡುವೆ ಯಾಕೆ ಬಂತು? ಮಾರುವವರು ಇದ್ದಾರೆ, ಕೊಳ್ಳುವವರು ಇದ್ದಾರೆ, ವ್ಯಾಪಾರ ತಾನಾಗಿ ನಡೆಯಬೇಕಲ್ವಾ?

ನಡೆಯಲಿಲ್ಲ. ಟಿಡಿಆರ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇರೋದು. ಚದರಡಿ ಅನ್ನೋದು ಜಯನಗರದಲ್ಲೂ ಚದರಡಿಯೇ, ಯಲಹಂಕದಲ್ಲೂ ಚದರಡಿಯೇ. ಆದರೆ ಕೋಲಾ ಬದಲು ಕಪ್ಪೆ ಕೊಡೋಕೆ ಆಗುತ್ತಾ? ಯಾವ ಬಗೆಯ ಕಾಡು ಹೋಯಿತೋ ಆ ಬಗೆಯದ್ದೇ ಬೇಕು, ಯಾವ ಜೀವಿಯ ನೆಲೆ ಹೋಯಿತೋ ಅದೇ ಜೀವಿಯದ್ದು ಬೇಕು ಅನ್ನೋದು ಮೂಲ ನಿಯಮ. ಹಾಗಾಗಿ ಇದು ಒಂದು ಮಾರುಕಟ್ಟೆ ಅಲ್ಲ, ನೂರಾರು ಪುಟ್ಟ ಪುಟ್ಟ ಮಾರುಕಟ್ಟೆಗಳು. ಒಂದೊಂದರಲ್ಲಿ ಒಬ್ಬ ಮಾರುವವನಿದ್ದು ಕೊಳ್ಳುವವನೇ ಇಲ್ಲ, ಇನ್ನೊಂದರಲ್ಲಿ ಕೊಳ್ಳುವವರು ಕ್ಯೂ ನಿಂತಿದ್ದಾರೆ, ಸರಕೇ ಇಲ್ಲ. ರೈತ ತಾನೇ ದುಬಾರಿ ಫೀಸು ಕೊಟ್ಟು ಅಳತೆ ಮಾಡಿಸಿ, ಶಾಶ್ವತ ಕರಾರಿಗೆ ಸಹಿ ಹಾಕಿ, ಆಮೇಲೆ ಗಿರಾಕಿಗಾಗಿ ವರ್ಷಗಟ್ಟಲೆ ಕಾಯಬೇಕು. ಯಾವ ರೈತ ಮುಂದೆ ಬರುತ್ತಾನೆ ಹೇಳಿ? 2022ರ ಆಗಸ್ಟ್‌ನಲ್ಲಿ ಆ ರಾಜ್ಯದ ಆಡಿಟರ್ ಜನರಲ್ ವರದಿ ಕೊಟ್ಟರು. ಯೋಜನೆಯ ವಿನ್ಯಾಸವೇ ಪರಿಣಾಮಕಾರಿಯಾಗಿಲ್ಲ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬೇಡಿಕೆಗೆ ತಕ್ಕ ಕ್ರೆಡಿಟ್ ಪೂರೈಕೆಯೇ ಇಲ್ಲ ಅಂತ ಅದರಲ್ಲಿ ಬರೆದಿತ್ತು.

ಅದೇ ಹೊತ್ತಿಗೆ ಬಂದದ್ದೇ ಆ 106.7 ಮಿಲಿಯನ್ ಡಾಲರಿನ ನಿಧಿ, ಜೊತೆಗೊಂದು ಕಾರ್ಯಪಡೆ. ಅವರು ಮಾಡುವ ಕೆಲಸ ಹಿಮ್ಮುಖ ಹರಾಜು. ಮಾಮೂಲಿ ಹರಾಜಿನಲ್ಲಿ ಕೊಳ್ಳುವವರು ಕೂಗುತ್ತಾರೆ, ರೇಟು ಏರುತ್ತೆ. ಇಲ್ಲಿ ಮಾರುವವರು ರೇಟು ಬರೆದು ಕೊಡುತ್ತಾರೆ, ಕಡಿಮೆ ಹೇಳಿದವರ ಮಾಲು ಮೊದಲು ಹೋಗುತ್ತೆ. ನಮ್ಮ ಪಿಡಬ್ಲ್ಯುಡಿ ಟೆಂಡರ್ ಇದ್ದ ಹಾಗೆ ಅಂದುಕೊಳ್ಳಿ. ಸರ್ಕಾರ ಮುಂಗಡವಾಗಿ ಕೊಂಡು ದಾಸ್ತಾನು ಮಾಡುತ್ತೆ, ಬೇಕಾದವರಿಗೆ ಮಾರುತ್ತೆ, ಬಂದ ದುಡ್ಡಲ್ಲಿ ಮತ್ತೆ ಕೊಳ್ಳುತ್ತೆ.

ರೈತನ ಕಡೆಯಿಂದ ನೋಡಿದರೆ ಇದು ತಪ್ಪಲ್ಲ ಅನ್ನೋದು ನನ್ನ ಅಭಿಪ್ರಾಯ. ಕಾಯುವ ಅಪಾಯವನ್ನು ಸರ್ಕಾರ ತಲೆ ಮೇಲೆ ಹೊತ್ತುಕೊಂಡಿತು. ಒಂದು ಗ್ಯಾರಂಟಿ ಗಿರಾಕಿ ಸಿಕ್ಕ. ಬೆಂಬಲ ಬೆಲೆ ಕೊಡುವುದಕ್ಕೂ ನಾವು ಹೇಳುವ ಕಾರಣ ಇದೇ ಅಲ್ವಾ?

ಆದರೆ ಈಗ ಆ ಸರ್ಕಾರದ ತಲೆ ಮೇಲಿನ ಟೋಪಿಗಳನ್ನು ಎಣಿಸಿ. ಎಷ್ಟು ಕ್ರೆಡಿಟ್ ಬೇಕು ಅಂತ ನಿಯಮ ಮಾಡುವುದು ಸರ್ಕಾರ. ರೈತನಿಗೆ ಎಷ್ಟು ಕ್ರೆಡಿಟ್ ಅಂತ ಒಪ್ಪುವುದು ಸರ್ಕಾರದ ಸಂಸ್ಥೆ. ಅಲ್ಲಿ ಕೊಳ್ಳುವುದು ಸರ್ಕಾರ, ಮಾರುವುದು ಸರ್ಕಾರ. ಇನ್ನೂ ಕೇಳಿ, ಕೊನೆಗೆ ಹೆಚ್ಚು ಕ್ರೆಡಿಟ್ ಬೇಕಾಗಿರುವ ಗಿರಾಕಿಗಳಲ್ಲಿ ಹೆದ್ದಾರಿ, ರೈಲು ಮಾಡುವ ಸರ್ಕಾರದ ಇಲಾಖೆಗಳೂ ಇವೆ. ಮಂಡಿಯಲ್ಲಿ ತಕ್ಕಡಿ ಹಿಡಿದವನೇ ಖರೀದಿದಾರ, ಅವನೇ ದಲ್ಲಾಳಿ, ಅವನ ಮನೆಗೇ ಸರಕು! ಕ್ರೆಡಿಟ್ ಅಗ್ಗವಾದಷ್ಟೂ ರಸ್ತೆ ಅಗ್ಗ. ಹಾಗಿದ್ದಾಗ ಕಡಿಮೆ ರೇಟು ಹೇಳಿದವನಿಗೆ ಮಣೆ ಹಾಕುವ ಹರಾಜಿನಲ್ಲಿ ರೈತನ ಪರ ವಾದಿಸುವವರು ಯಾರು? ನಿರ್ವಹಣೆಯ ಠೇವಣಿ ಒಂದು ಕನಿಷ್ಠ ಮಟ್ಟ ಕಾಪಾಡುತ್ತೆ, ನಿಜ. ಆದರೆ ಜಮೀನನ್ನು ಶಾಶ್ವತವಾಗಿ ಕಟ್ಟಿಹಾಕಿದ್ದಕ್ಕೆ ಸಿಗಬೇಕಾದ ಬೆಲೆ ಅದಕ್ಕಿಂತ ಮೇಲಿನದ್ದಲ್ವಾ? ಟ್ರಸ್ಟ್ ಒಂದೇ ಕೈಯಲ್ಲಿ ಹಲವು ಪಾತ್ರ ಹಿಡಿದಿದೆ, ಹಿತಾಸಕ್ತಿ ಸಂಘರ್ಷದ ಅಪಾಯ ಇದೆ ಅಂತ ಆಡಿಟ್ ವರದಿಯೇ ಬೊಟ್ಟು ಮಾಡಿತ್ತು.

ಇನ್ನೊಂದು ಕಿಂಡಿ ಇದೆ. ನನ್ನ ಪ್ರಕಾರ ಅದೇ ಹೆಚ್ಚು ಅಪಾಯದ್ದು. ಬಿಲ್ಡರ್‌ಗೆ ಕ್ರೆಡಿಟ್ ಸಿಗಲಿಲ್ಲ ಅನ್ನಿ. ಅವನು ಟ್ರಸ್ಟ್‌ನ ನಿಧಿಗೆ ದುಡ್ಡು ಕಟ್ಟಿ ಕೈತೊಳೆದುಕೊಳ್ಳಬಹುದು. ಜೆಸಿಬಿ ಇವತ್ತೇ ಕಾಡಿಗೆ ಇಳಿಯುತ್ತೆ. ಕ್ರೆಡಿಟ್ ಹುಡುಕುವ ಹೊಣೆ ಟ್ರಸ್ಟ್‌ನದ್ದಾಗುತ್ತೆ. ಬಿಲ್ಡರ್‌ಗೆ ಸಿಗದ ಕೋಲಾ ಟ್ರಸ್ಟ್‌ಗೆ ಎಲ್ಲಿಂದ ಸಿಗುತ್ತೆ? ಸಿಗದಿದ್ದರೆ ಅದೇ ಬಗೆಯದ್ದು ಅನ್ನುವ ನಿಯಮವನ್ನು ಸಡಿಲಿಸಿ, ಬೇರೆ ಬಗೆಯದ್ದರಲ್ಲಿ ಸರಿದೂಗಿಸಲು ಅವಕಾಶ ಇದೆ. ಕಾಡು ಹೋಗಿದ್ದು ಖಚಿತ, ಬದಲಿಗೆ ಬಂದಿದ್ದು ಬ್ಯಾಂಕ್ ಬ್ಯಾಲೆನ್ಸ್. ಸಿಡ್ನಿಯ ಪಶ್ಚಿಮ ಭಾಗವನ್ನೇ ತೆಗೆದುಕೊಳ್ಳಿ. ಭಾರತದಿಂದ ಹೋದವರು, ನಮ್ಮ ಕನ್ನಡದವರೂ ಸೇರಿ, ಬಹಳ ಮಂದಿ ಮನೆ ಮಾಡಿರುವ ದಿಕ್ಕು ಅದು. ಬಡಾವಣೆ ಮೇಲೆ ಬಡಾವಣೆ ಏಳುತ್ತಿವೆ. ಅಲ್ಲಿನ ಕಂಬರ್‌ಲ್ಯಾಂಡ್ ಬಯಲಿನ ಕಾಡು ಅತಿ ಗಂಭೀರ ಅಳಿವಿನಂಚಿನಲ್ಲಿದೆ ಅಂತ ಸರ್ಕಾರಿ ಪಟ್ಟಿಯಲ್ಲೇ ಇದೆ. ಉಳಿದಿರುವುದೇ ತುಂಡು ತುಂಡು. ಅಂಥ ತುಂಡಿಗೆ ತಕ್ಕ ಬದಲಿ ತುಂಡು ತರುವುದು ಎಲ್ಲಿಂದ? 2022ರ ಫೆಬ್ರವರಿಯಲ್ಲಿ ಕೋಲಾವನ್ನೂ ಆ ರಾಜ್ಯದಲ್ಲಿ ಅಳಿವಿನಂಚಿನ ಪಟ್ಟಿಗೆ ಏರಿಸಿದರು.

ಅಲ್ಲಿ ಸುಮ್ಮನೆ ಕೂತಿಲ್ಲ ಬಿಡಿ. ಮೇಲ್ಮನೆ ಸಮಿತಿ ವಿಚಾರಣೆ ನಡೆಸಿ 2022ರ ಕೊನೆಗೆ ವರದಿ ಕೊಟ್ಟಿತು. 2023ರಲ್ಲಿ, ಹಿಂದೆ ಆಸ್ಟ್ರೇಲಿಯಾದ ಖಜಾನೆ ಕಾರ್ಯದರ್ಶಿಯಾಗಿದ್ದ ಕೆನ್ ಹೆನ್ರಿ ನೇತೃತ್ವದ ಪರಿಶೀಲನೆ, ಈ ಕಾಯ್ದೆ ತನ್ನ ಮೂಲ ಉದ್ದೇಶ ಈಡೇರಿಸುತ್ತಿಲ್ಲ, ಹೀಗೇ ಇದ್ದರೆ ಈಡೇರಿಸುವುದೂ ಇಲ್ಲ ಅಂತ ಹೇಳಿತು. ಪರಿಸರ ಹೋರಾಟಗಾರರಲ್ಲ, ಬಜೆಟ್ ಲೆಕ್ಕ ಹಾಕಿ ಬದುಕಿದ ಮನುಷ್ಯ ಹೇಳಿದ ಮಾತು ಇದು. 2024ರ ನವೆಂಬರ್‌ನಲ್ಲಿ ತಿದ್ದುಪಡಿ ಪಾಸಾಯಿತು. ಹೋದದ್ದಕ್ಕೆ ಸಮ ಮಾಡಿದರೆ ಸಾಲದು, ಒಟ್ಟು ಲೆಕ್ಕದಲ್ಲಿ ಪ್ರಕೃತಿ ಹೆಚ್ಚಬೇಕು ಅನ್ನುವ ಕಡೆಗೆ ಯೋಜನೆ ಸಾಗಬೇಕು ಅಂತ ಕಾನೂನೇ ಈಗ ಹೇಳುತ್ತೆ.

ಈಗ ನಮ್ಮ ಕಡೆ ಬನ್ನಿ. ಕಾಡು ಹೋದರೆ ದುಡ್ಡು ಕಟ್ಟಿಸಿಕೊಂಡು ಬೇರೆ ಕಡೆ ಗಿಡ ಬೆಳೆಸುವ ಪದ್ಧತಿ ನಮ್ಮಲ್ಲಿ ಹಳೆಯದು, ಅದೇ ಕ್ಯಾಂಪಾ ನಿಧಿ. 2019ರ ಆಗಸ್ಟ್‌ನಲ್ಲಿ ಕೇಂದ್ರ ಒಂದೇ ಏಟಿಗೆ 47,436 ಕೋಟಿ ರೂಪಾಯಿಯನ್ನು ರಾಜ್ಯಗಳಿಗೆ ಹಂಚಿತು. ಅದೇ ಬಗೆಯದ್ದೇ ಬೇಕು ಅನ್ನುವ ನಿಯಮ ನಮ್ಮಲ್ಲಿ ಎಷ್ಟು ಗಟ್ಟಿ? ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ಸುಮಾರು 130 ಚದರ ಕಿಲೋಮೀಟರ್ ಮಳೆಕಾಡನ್ನು ಯೋಜನೆಗೆ ಬಿಟ್ಟುಕೊಟ್ಟಾಗ ಬದಲಿ ಅರಣ್ಯಕ್ಕೆ ತೋರಿಸಿದ ರಾಜ್ಯ ಹರಿಯಾಣ! ಸಮುದ್ರದ ನಡುವಿನ ಕಾಡಿಗೆ ದಿಲ್ಲಿ ಪಕ್ಕದ ಒಣ ನೆಲ ಬದಲಿ.

2023ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರೀನ್ ಕ್ರೆಡಿಟ್ ನಿಯಮ ತಂತು, ಡಿಸೆಂಬರ್‌ನಲ್ಲಿ ದುಬೈ ಹವಾಮಾನ ಸಮ್ಮೇಳನದಲ್ಲಿ ಪ್ರಧಾನಿ ಅದನ್ನು ಜಗತ್ತಿನ ಮುಂದಿಟ್ಟರು. 2024ರ ಫೆಬ್ರವರಿಯ ವಿಧಾನದಲ್ಲಿ ಒಂದು ಮರಕ್ಕೆ ಒಂದು ಕ್ರೆಡಿಟ್, ಹೆಕ್ಟೇರಿಗೆ ಕನಿಷ್ಠ 1,100 ಗಿಡ. 2025ರ ಆಗಸ್ಟ್‌ನಲ್ಲಿ ಅದನ್ನು ಬಿಗಿ ಮಾಡಿ, ಐದು ವರ್ಷ ಬೆಳೆಸಿ ತೋರಿಸಿದ ಮೇಲಷ್ಟೇ ಕ್ರೆಡಿಟ್ ಅಂದರು. ಒಳ್ಳೆಯದೇ. ಆದರೆ ಎಣಿಕೆ ಇನ್ನೂ ಮರದ್ದೇ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಹುಲ್ಲುಗಾವಲಿನಲ್ಲಿ ಹಿಂದೆ ನೀಲಗಿರಿ ನೆಟ್ಟರು. ಅಲ್ಲಿ ಓಡಾಡುತ್ತಿದ್ದ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಈಗ ಇಲ್ಲ. ಮರ ಎಣಿಸುವ ಲೆಕ್ಕದಲ್ಲಿ ಆ ತೋಪು ಲಾಭ, ಆ ಹಕ್ಕಿಯ ಲೆಕ್ಕದಲ್ಲಿ?

ಇನ್ನು ರೈತ. ಸಿಡ್ನಿ ಕಡೆಯ ರೈತ ಕನಿಷ್ಠ ಮಾರುವವನ ಕುರ್ಚಿಯಲ್ಲಿ ಕೂತಿದ್ದಾನೆ, ತನ್ನ ರೇಟು ಬರೆದು ಕೊಡುತ್ತಾನೆ. ನಮ್ಮ ಗ್ರೀನ್ ಕ್ರೆಡಿಟ್ ಹೊರಟಿದ್ದು ಅರಣ್ಯ ಇಲಾಖೆಯ ಹಾಳುಬಿದ್ದ ನೆಲದಿಂದ. ಶಿರಸಿ, ಸಿದ್ದಾಪುರದ ಕಡೆ ತಲೆಮಾರುಗಳಿಂದ ಸೊಪ್ಪಿನ ಬೆಟ್ಟ ಕಾಯ್ದುಕೊಂಡು ಬಂದವರಿದ್ದಾರೆ, ಕೊಡಗಿನಲ್ಲಿ ಕಾಫಿ ತೋಟದ ನೆರಳಿಗೆ ಕಾಡುಮರ ಉಳಿಸಿಕೊಂಡವರಿದ್ದಾರೆ, ಊರೂರಿಗೆ ದೇವರಕಾಡು ಇದೆ. ನೆಟ್ಟ ಮರಕ್ಕೆ ಮಾತ್ರ ಕ್ರೆಡಿಟ್ ಕೊಡುವ ಲೆಕ್ಕದಲ್ಲಿ, ಕಡಿಯದೇ ಉಳಿಸಿದ ಇವರ ಮರಕ್ಕೆ ಸೊನ್ನೆ. ಮುಂದೆ ಯಾವತ್ತಾದರೂ ಅಧಿಕಾರಿಗಳು ಇವರ ಅಂಗಳಕ್ಕೆ ಕರಾರು ಹಿಡಿದು ಬಂದರೆ ಕೇಳಬೇಕಾದ್ದು ಮೂರು ಮಾತು. ಇದು ಎಷ್ಟು ವರ್ಷಕ್ಕೆ? ವರ್ಷ ವರ್ಷದ ಖರ್ಚಿನ ಠೇವಣಿ ಯಾರ ಹೆಸರಲ್ಲಿ? ನನ್ನ ಹತ್ತಿರ ಕೊಂಡ ಕ್ರೆಡಿಟ್ ತೋರಿಸಿ ನೀವು ಕಡಿಯಲು ಹೊರಟಿರುವ ಕಾಡು ಯಾವುದು?