ಇಂಜಿನ್ ಕಟ್ಟುವ ಮಳೆಗಾಲ

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿನ ಸಂತಾನೋತ್ಪತ್ತಿಯ ಕಾಲವೆಂದು ಹಾಕಿರುವ ಈ 61 ದಿನಗಳ ನಿಷೇಧ ಮಲ್ಪೆ, ಮಂಗಳೂರು, ಗಂಗೊಳ್ಳಿ, ಹೊನ್ನಾವರ, ತದಡಿಯಲ್ಲಿ ಬೋಟು ನಡೆಸುವ ತಾಂಡೇಲರಿಗೂ ಬಲೆ ಎಳೆಯುವ ಕಲಾಸಿಗಳಿಗೂ ರಜೆ. ಬೋಟಿನ ಮೆಕ್ಯಾನಿಕ್‌ಗಳಿಗೆ ಮಾತ್ರ ಸುಗ್ಗಿ ಶುರುವಾಗುವುದೇ ಆಗ. ಬಂದರಿನ ದಕ್ಕೆಯಲ್ಲಿ ಒಂದಕ್ಕೊಂದು ಅಂಟಿ ನಿಂತ ಬೋಟುಗಳ ಮೇಲೆ ಟಾರ್ಪಾಲಿನ್ ಚಪ್ಪರ ಏಳುತ್ತದೆ. ಇಂಜಿನ್ ಕೋಣೆಯ ಮೇಲಿನ ಹಲಗೆ ಕಳಚಿ, ಚೈನ್ ಪುಲ್ಲಿ ಕಟ್ಟಿ, ಮಳೆ ಬಿಟ್ಟ ಹೊತ್ತು ನೋಡಿ ಅರ್ಧ ಟನ್ನಿಗೂ ಮಿಗಿಲಾದ ಕಬ್ಬಿಣವನ್ನು ಮೇಲೆತ್ತುತ್ತಾರೆ. ಹತ್ತು ತಿಂಗಳು ಹಗಲಿರುಳು ದುಡಿದ ಇಂಜಿನ್ ಬಿಚ್ಚಿ ಹರಡಿಕೊಂಡಾಗ ಮಾಲಕರ ಮುಂದೆ ಬಂದು ನಿಲ್ಲುವ ಪ್ರಶ್ನೆ ಪ್ರತಿ ವರ್ಷವೂ ಒಂದೇ: ಇದನ್ನೇ ಕಟ್ಟಿಸುವುದೋ, ಬೇರೆ ಕೂರಿಸುವುದೋ?

ನಮ್ಮ ದೇಶದಲ್ಲಿ ಮೀನುಗಾರಿಕೆ ದೋಣಿಗೆ ಇಂಜಿನ್ ಕೂರಿಸುವ ಯೋಜನಾಬದ್ಧ ಪ್ರಯತ್ನ ಮೊದಲಾದದ್ದು ಕೇರಳದ ನೀಂಡಕರದಲ್ಲಿ. ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ 1952ರಲ್ಲಿ ಮಾಡಿಕೊಂಡ ಒಪ್ಪಂದದ ಫಲ ಅದು. ಆ ಯೋಜನೆ ಮುಂದೆ ಕಾರವಾರಕ್ಕೂ ಬಂತು. 1970ರ ದಶಕದ ನಡುವಿನಲ್ಲಿ ಇಂಜಿನ್ ಬೋಟಿನ ಪರ್ಸೀನ್ ಬಲೆ ಬಂದು ದಡದಿಂದ ಎಳೆಯುವ ರಂಪಣಿ ಬಲೆಯನ್ನು ಹಿಂದಕ್ಕೆ ತಳ್ಳಿದ ಮೇಲೆ ಇಂಜಿನ್ನಿಲ್ಲದ ಮೀನುಗಾರಿಕೆಯ ದಿನಗಳು ಬಹುಮಟ್ಟಿಗೆ ಮುಗಿದುವು. ಆದರೆ ಬಹುಪಾಲು ಮರದ ಬೋಟುಗಳ ಹೊಟ್ಟೆಯಲ್ಲಿ ಕುಳಿತದ್ದು ಕಡಲಿಗೆಂದೇ ಹುಟ್ಟಿದ ಇಂಜಿನ್ ಅಲ್ಲ, ಘಾಟಿ ಹತ್ತುವ ಲಾರಿಯದು. ಅಶೋಕ್ ಲೇಲ್ಯಾಂಡಿನ ಆರು ಸಿಲಿಂಡರಿನ ಇಂಜಿನ್ನಿಗೆ ರೇಡಿಯೇಟರ್ ಕಳಚಿ, ಉಪ್ಪುನೀರಿನಿಂದ ತಣಿಯುವ ಹೀಟ್ ಎಕ್ಸ್‌ಚೇಂಜರ್ ಜೋಡಿಸಿ, ಹೊಗೆಕೊಳವೆಯ ಸುತ್ತ ನೀರು ಹರಿಸಿದರೆ ಅದು ಬೋಟಿನ ಇಂಜಿನ್. ಕಂಪನಿಯೇ ಹಾಗೆ ಮಾಡಿ ಮಾರಿದ್ದೂ ಉಂಟು, ಗುಜರಿಯಿಂದ ಲಾರಿ ಇಂಜಿನ್ ತಂದು ಊರಿನ ಲೇತಿನಲ್ಲೇ ಮಾಡಿಕೊಂಡದ್ದೂ ಉಂಟು. ಲಾರಿಯ ಬಿಡಿಭಾಗ ಎಲ್ಲ ಊರಲ್ಲೂ ಸಿಗುವುದರಿಂದ ಇದೇ ಲಾಭದ ದಾರಿಯೂ ಆಯಿತು.

ಸವೆತದ ಬೀಜ ಇರುವುದೂ ಅಲ್ಲೇ. ಲಾರಿ ಏರು ಹತ್ತಿದ ಮೇಲೆ ಇಳಿಯುತ್ತದೆ. ಇಳಿಯುವಾಗ ಇಂಜಿನ್ ಉಸಿರಾಡಿಕೊಳ್ಳುತ್ತದೆ. ಸಮುದ್ರದಲ್ಲಿ ಇಳಿಜಾರಿಲ್ಲ. ಬಲೆ ಬಿಟ್ಟು ಎಳೆಯಲು ತೊಡಗಿದರೆ ಗಂಟೆಗಟ್ಟಲೆ ಒಂದೇ ಭಾರ, ಒಂದೇ ವೇಗ. ಆದ್ದರಿಂದಲೇ ಅದೇ ಇಂಜಿನ್ನಿಗೆ ಬೋಟಿನಲ್ಲಿ ಹೇಳುವ ಅಶ್ವಶಕ್ತಿ ಲಾರಿಯದಕ್ಕಿಂತ ಕಡಿಮೆ ಇರಬೇಕು. ತಾಂಡೇಲ ಅದನ್ನು ಒಪ್ಪದೆ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಏರಿಸಿಕೊಂಡರೆ ಪಿಸ್ಟನ್ ಓಡಾಡುವ ಕೊಳವೆಗಳಾದ ಲೈನರ್‌ಗಳು ಬೇಗ ಕೈಕೊಡುತ್ತವೆ.

ಇಂಜಿನ್ ಸೋತಿದೆ ಎಂಬುದು ಬಿಚ್ಚುವ ಮೊದಲೇ ಗೊತ್ತಾಗುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಎಂದರೆ ಗಾಳಿ ಸಾಲದು ಅಥವಾ ಭಾರ ಜಾಸ್ತಿ. ಬಿಳಿ ಹೊಗೆ ಉರಿಯದ ಡೀಸೆಲ್ ಆಗಿರಬಹುದು, ನೀರೂ ಆಗಿರಬಹುದು. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡುವುದು ಎಲ್ಲ ಮೆಕ್ಯಾನಿಕ್‌ಗಳೂ ಮಾಡುವ ಮೊದಲ ಪರೀಕ್ಷೆ. ಅಲ್ಲಿಂದ ಬುಸುಬುಸು ಹೊಗೆ ಎದ್ದರೆ ಪಿಸ್ಟನ್ ರಿಂಗುಗಳು ಉರಿಯ ಒತ್ತಡವನ್ನು ಹಿಡಿದಿಡುತ್ತಿಲ್ಲ, ಅದು ಕೆಳಗಿನ ಚೇಂಬರಿಗೆ ಸೋರುತ್ತಿದೆ ಎಂದರ್ಥ. ಆಯಿಲ್ ಹಾಲುಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಆಗ ಬಿಚ್ಚದೆ ಗತಿಯಿಲ್ಲ. ಹೊಗೆ ನಿಲ್ಲಿಸುತ್ತದೆಂದು ಅಂಗಡಿಯಲ್ಲಿ ಮಾರುವ ಮಂದವಾದ ದ್ರವದ ಡಬ್ಬಿಗಳ ಬಗ್ಗೆ ನನಗೆ ಕವಡೆಯಷ್ಟೂ ನಂಬಿಕೆಯಿಲ್ಲ. ಸವೆದ ಲೋಹವನ್ನು ಮತ್ತೆ ಬೆಳೆಸುವ ಔಷಧ ಇನ್ನೂ ಬಂದಿಲ್ಲ.

ಹೆಡ್ ಇಳಿಸಿದ ಮೇಲೆ ನಿಜವಾದ ವಿದ್ಯೆ ಶುರು. ಲೈನರಿನ ಬಾಯಿಯಿಂದ ಒಂದಿಷ್ಟು ಕೆಳಗೆ, ಪಿಸ್ಟನ್ ಮೇಲಕ್ಕೆ ಬಂದು ಹಿಂತಿರುಗುವ ಜಾಗದಲ್ಲಿ, ಮೇಲಿನ ರಿಂಗು ಉಜ್ಜಿ ಉಜ್ಜಿ ಸಣ್ಣ ಮೆಟ್ಟಿಲೊಂದು ಎದ್ದಿರುತ್ತದೆ. ಕಣ್ಣಿಗೆ ಗೆರೆಯಷ್ಟೇ ಕಾಣುವ ಅದನ್ನು ಮೆಕ್ಯಾನಿಕ್ ಹೆಬ್ಬೆರಳ ಉಗುರಿನಿಂದ ಕೆಳಗಿನಿಂದ ಮೇಲಕ್ಕೆ ಎಳೆದು ನೋಡುತ್ತಾನೆ. ಉಗುರು ತಡೆದು ನಿಂತರೆ ತಲೆಯಾಡಿಸುತ್ತಾನೆ. ಆಮೇಲೆ ಬೋರ್ ಗೇಜ್ ಇಳಿಸಿ ಇಂಜಿನ್ನಿನ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆಯುತ್ತಾನೆ. ಅಡ್ಡ ಅಳತೆ ಸಾಮಾನ್ಯವಾಗಿ ಹೆಚ್ಚು. ಕನೆಕ್ಟಿಂಗ್ ರಾಡ್ ಓರೆಯಾಗಿ ತಳ್ಳುವುದರಿಂದ ಪಿಸ್ಟನ್ ಆ ಕಡೆಯ ಗೋಡೆಗೇ ಒರಗುತ್ತದೆ. ದುಂಡಗಿದ್ದ ಸಿಲಿಂಡರ್ ಹೀಗೆ ಮೊಟ್ಟೆಯಾಕಾರಕ್ಕೆ ಬರುತ್ತದೆ. ಅಂಥದರಲ್ಲಿ ಹೊಸ ರಿಂಗು ಹಾಕಿದರೆ ದುಡ್ಡು ನೀರಿಗೆ ಹಾಕಿದ ಹಾಗೆಯೇ.

ಲೈನರನ್ನು ಹೊರಗೆಳೆದಾಗ ಅದರ ಬೆನ್ನನ್ನೂ ನೋಡಬೇಕು. ಸುತ್ತ ನೀರು ಹರಿಯುವ ಲೈನರು ಪ್ರತಿ ಸ್ಫೋಟಕ್ಕೂ ಗಂಟೆಯಂತೆ ನಡುಗುತ್ತದೆ. ಆ ನಡುಕಕ್ಕೆ ನೀರಿನಲ್ಲಿ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತವೆ, ಒಡೆದಲ್ಲೆಲ್ಲ ಲೋಹ ಚುಕ್ಕೆಚುಕ್ಕೆಯಾಗಿ ಕಿತ್ತುಬರುತ್ತದೆ. ವರ್ಷಗಳ ಮೇಲೆ ಆ ಚುಕ್ಕೆಯೊಂದು ಒಳಗಿನವರೆಗೆ ತೂತಾಗುತ್ತದೆ. ನೀರಿನಲ್ಲಿ ಸೇರಿಸಬೇಕಾದ ಕೂಲಂಟ್ ಉಳಿಸಿ ಬರಿಯ ಬಾವಿನೀರು ತುಂಬಿದ ಬೋಟುಗಳಲ್ಲಿ ಇದು ಬೇಗ ಬರುತ್ತದೆ. ಹೊಸ ಲೈನರ್ ಕೂರಿಸುವಾಗ ಕೆಳಗಿನ ರಬ್ಬರ್ ರಿಂಗು ತಿರುಚಿಕೊಳ್ಳಬಾರದು. ಮೇಲಿನ ಅಂಚು ಬ್ಲಾಕಿನ ಮಟ್ಟಕ್ಕಿಂತ ಕೆಲವೇ ಥೌನಷ್ಟು ಎದ್ದಿರಬೇಕು. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. ಲೇತ್ ಅಂಗಡಿಗಳಲ್ಲಿ ಮಿಲಿಮೀಟರ್ ಬಂದು ಎಷ್ಟು ಕಾಲವಾದರೂ ಸವೆತದ ಲೆಕ್ಕ ಇನ್ನೂ ಥೌನಲ್ಲೇ ನಡೆಯುತ್ತದೆ.

ಕ್ರ್ಯಾಂಕ್ ಶಾಫ್ಟಿನ ಆಯಸ್ಸನ್ನು ಎಣಿಸುವುದೂ ಹಾಗೆಯೇ. ಸವೆದ ಜಾಗವನ್ನು ತಿಕ್ಕಿ ಮತ್ತೆ ದುಂಡಗೆ ಮಾಡಿ, ಅಷ್ಟೇ ದಪ್ಪ ಹೆಚ್ಚಿದ ಬೇರಿಂಗ್ ಹಾಕುತ್ತಾರೆ. ಮೊದಲ ಸಲ 10 ಥೌ, ಆಮೇಲೆ 20, 30, 40. ಅದಾದ ಮೇಲೆ ಕ್ರ್ಯಾಂಕ್ ಗುಜರಿಗೆ. ತಿಕ್ಕುವಾತ ಮೂಲೆಯ ಕಮಾನನ್ನು ಉಳಿಸಿದ್ದಾನೋ ಇಲ್ಲವೋ ಎಂದು ನೋಡದೆ ಅನುಭವಸ್ಥರು ಕ್ರ್ಯಾಂಕ್ ವಾಪಸು ತರುವುದಿಲ್ಲ. ಮೂಲೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ, ನಡುಗಡಲಲ್ಲಿ ತುಂಡಾಗುತ್ತದೆ. ವಾಲ್ವ್ ಕೂರಿಸಿದ ಮೇಲೆ ಹೆಡ್ಡನ್ನು ಓರೆಯಾಗಿಟ್ಟು ಗಾಳಿಯ ದಾರಿಯೊಳಗೆ ಸೀಮೆಎಣ್ಣೆ ಹೊಯ್ದು ಕಾಯುವ ಪರೀಕ್ಷೆ ಇದೆಯಲ್ಲ, ಅದರಷ್ಟು ಅಗ್ಗದ, ಅದರಷ್ಟು ನಿಷ್ಠುರವಾದ ಪರೀಕ್ಷೆ ಬೇರೆ ಇಲ್ಲ. ಒಂದು ಹನಿ ಜಿನುಗಿದರೂ ವಾಲ್ವಿಗೆ ಮತ್ತೆ ಪೇಸ್ಟ್ ಹಚ್ಚಿ ತಿರುವಬೇಕು. ಡೀಸೆಲ್ ಪಂಪ್ ಮತ್ತು ನಾಜಲ್‌ಗಳನ್ನು ಮಾತ್ರ ದಕ್ಕೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅವು ಪಂಪ್ ರೂಮಿನ ಧೂಳಿಲ್ಲದ ಕೋಣೆಗೆ ಹೋಗಿ ಬರುತ್ತವೆ.

ಇಷ್ಟು ಮಾಡಿಸಿದರೂ ಬ್ಲಾಕ್ ಬಿರುಕು ಬಿಟ್ಟಿದ್ದರೆ, ಕ್ರ್ಯಾಂಕಿನ ಕೊನೆಯ ಸೈಜೂ ಮುಗಿದಿದ್ದರೆ, ಉಪ್ಪುನೀರು ಒಳಹೊಕ್ಕು ನೀರಿನ ದಾರಿಗಳನ್ನೆಲ್ಲ ತಿಂದಿದ್ದರೆ ಕಟ್ಟಿಸುವ ಮಾತು ಬಿಡಬೇಕು. ಉಳಿದ ಸಂದರ್ಭಗಳಲ್ಲಿ ಬದಲಿಸುವ ಆಸೆ ಹುಟ್ಟುವುದು ಹೆಚ್ಚಾಗಿ ಪಕ್ಕದ ಬೋಟನ್ನು ನೋಡಿ. ಈಚಿನ ಸ್ಟೀಲ್ ಬೋಟುಗಳಲ್ಲಿ 300, 400 ಅಶ್ವಶಕ್ತಿಯ ಚೀನಾ ಇಂಜಿನ್‌ಗಳಿವೆ. ನೂರರ ಆಸುಪಾಸಿನ ಶಕ್ತಿಯಲ್ಲಿ ತೆವಳುವ ಹಳೆಯ ಮರದ ಬೋಟಿನ ಮಾಲಕನಿಗೆ ಅದು ಕಣ್ಣು ಕುಕ್ಕದಿರದು.

ಆದರೆ ನೀರಿಗೆ ತನ್ನದೇ ಲೆಕ್ಕವಿದೆ. ನೀರನ್ನು ಸೀಳಿಕೊಂಡು ಹೋಗುವ ಭಾರದ ಬೋಟಿನ ವೇಗಕ್ಕೆ ಅದರ ಉದ್ದವೇ ಮಿತಿ. ನೀರಿನ ಮಟ್ಟದಲ್ಲಿ ಅಳೆದ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್ ಲೆಕ್ಕದಲ್ಲಿ ಆ ಮಿತಿ ಸಿಗುತ್ತದೆ. 49 ಅಡಿಯ ಬೋಟಿಗೆ ಸುಮಾರು 9.4 ನಾಟ್. ಅಲ್ಲಿಂದ ಮುಂದೆ ಅರ್ಧ ನಾಟ್ ಹೆಚ್ಚಿಸಲೂ ಡೀಸೆಲನ್ನು ಕೊಡದಲ್ಲಿ ಸುರಿಯಬೇಕು. ಬೋಟು ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತಿರುತ್ತದೆ. ದೊಡ್ಡ ಇಂಜಿನ್ ದೊಡ್ಡ ಬಲೆ ಎಳೆಯುತ್ತದೆ ಎಂಬುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆ ಎಳೆತವನ್ನು ತಾಳುವ ಗೇರ್ ಬಾಕ್ಸ್, ಅದಕ್ಕೆ ತಕ್ಕ ದಪ್ಪದ ಶಾಫ್ಟ್, ಬೇರೆ ವ್ಯಾಸದ ಬೇರೆ ಪಿಚ್ಚಿನ ಪ್ರೊಪೆಲ್ಲರ್, ಹೆಚ್ಚು ಗಾಳಿ ಬರುವ ಇಂಜಿನ್ ಕೋಣೆ ಇಷ್ಟೂ ಹಿಂದೆಯೇ ಬರಬೇಕು. ಇಂಜಿನ್ನಿನ ಬೆಲೆಯನ್ನಷ್ಟೇ ಕೇಳಿ ಹೋದವರಿಗೆ ಉಳಿದ ಪಟ್ಟಿ ಜುಲೈ ಕೊನೆಗೆ ಕೈ ಸೇರುತ್ತದೆ. ಪ್ರೊಪೆಲ್ಲರ್ ಹೊಂದಿದೆಯೇ ಎಂಬುದಕ್ಕೆ ಸುಲಭದ ಗುರುತು ಉಂಟು: ಪೂರ್ತಿ ಥ್ರಾಟಲ್ ಕೊಟ್ಟಾಗ ಇಂಜಿನ್ ತನಗೆ ಹೇಳಿದ ಸುತ್ತುಗಳನ್ನು ಮುಟ್ಟಬೇಕು. ಮುಟ್ಟದೆ ಕಪ್ಪು ಹೊಗೆ ಕಾರಿದರೆ ಪಿಚ್ ಜಾಸ್ತಿಯಾಗಿದೆ.

ಹಳೆಯ ಬೋಟಿನಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಇಂಜಿನ್ನನ್ನಲ್ಲ, ಅದು ಕುಳಿತಿರುವ ತೊಲೆಗಳನ್ನು. ವರ್ಷಗಟ್ಟಲೆ ಆಯಿಲ್, ಡೀಸೆಲ್, ತಳದ ನೀರು ಕುಡಿದ ಮರ ಬೋಲ್ಟಿನ ತೂತುಗಳ ಸುತ್ತ ಮೆತ್ತಗಾಗಿರುತ್ತದೆ. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಮರ ಠಣ್ಣೆನ್ನುತ್ತದೆ, ಕೊಳೆತದ್ದು ದೊಪ್ಪೆನ್ನುತ್ತದೆ. ಇಂಜಿನ್ ಹೊರಗಿರುವಾಗಲೇ ಬಡಗಿಯನ್ನು ಕರೆಸದಿದ್ದರೆ ಆಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಹೊಸ ಇಂಜಿನ್ ಹಾಕಿದ ವರ್ಷದೊಳಗೆ ಗೇರ್ ಬಾಕ್ಸ್ ಒಡೆಯಿತು, ಶಾಫ್ಟ್ ಹೊರಹೋಗುವ ಸ್ಟರ್ನ್ ಟ್ಯೂಬಿನಲ್ಲಿ ನೀರು ಬಂತು ಎಂಬ ಗೋಳಿನ ಹಿಂದೆ ಬಹಳ ಸಲ ಇಂಥ ತೊಲೆ ಇರುತ್ತದೆ.

ಕೊನೆಯ ಕೆಲಸ ಅಲೈನ್‌ಮೆಂಟ್. ಗೇರ್ ಬಾಕ್ಸಿನ ಫ್ಲ್ಯಾಂಜ್ ಮತ್ತು ಶಾಫ್ಟಿನ ಫ್ಲ್ಯಾಂಜ್ ಎದುರುಬದುರು ಬಂದಾಗ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಫೀಲರ್ ಗೇಜ್ ತೂರಿಸಿ ಸಂದು ಅಳೆಯುತ್ತಾರೆ. ಫ್ಲ್ಯಾಂಜಿನ ವ್ಯಾಸದ ಪ್ರತಿ ಇಂಚಿಗೆ ಒಂದು ಥೌಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಎಂಬುದು ರೂಢಿಯ ಅಳತೆ. 5 ಇಂಚಿನ ಫ್ಲ್ಯಾಂಜಿಗೆ ಹೆಚ್ಚೆಂದರೆ 5 ಥೌ, ಅಂದರೆ ಸುಮಾರು 0.13 ಮಿಲಿಮೀಟರ್. ಇಂಜಿನ್ನಿನ ಕಾಲಿನಡಿ ತಗಡಿನ ಶಿಮ್ ಸೇರಿಸುತ್ತ, ತೆಗೆಯುತ್ತ, ಶಾಫ್ಟನ್ನು ಕಾಲುಸುತ್ತು ತಿರುಗಿಸಿ ಮತ್ತೆ ಅಳೆಯುತ್ತ ಒಂದು ಹಗಲು ಕಳೆಯುತ್ತದೆ. ಇದನ್ನು ದಡದ ಮೇಲೆ ಮಾಡಿ ಮುಗಿಸಿದೆನೆಂದರೆ ಅರ್ಧ ಕೆಲಸ. ಎರಡು ತಿಂಗಳು ದಡದಲ್ಲಿ ನಿಂತ ಮರದ ಬೋಟು ಒಣಗಿ ಆಕಾರ ಬದಲಿಸಿರುತ್ತದೆ. ನೀರಿಗೆ ಇಳಿದು, ಹಲಗೆ ನೀರು ಕುಡಿದು, ಡೀಸೆಲ್ ಮತ್ತು ಐಸ್ ತುಂಬಿದ ಮೇಲೆ ಇನ್ನೊಂದು ಆಕಾರಕ್ಕೆ ಬರುತ್ತದೆ. ಅದಕ್ಕೇ ತಿಳಿದವರು ಬೋಟು ನೀರಿನಲ್ಲಿ ಒಂದೆರಡು ದಿನ ನಿಂತ ಬಳಿಕ ಬೋಲ್ಟ್ ಸಡಿಲಿಸಿ ಮತ್ತೊಮ್ಮೆ ಅಳೆಯುತ್ತಾರೆ. ಈ ಕೈಚಳಕವನ್ನು ಹುಡುಗರು ಕಲಿಯುವುದು ಇಂಜಿನ್ ಕೋಣೆಯಲ್ಲಿ ಟಾರ್ಚ್ ಹಿಡಿದು ನಿಂತೇ.

ನನ್ನ ತೀರ್ಮಾನ ಕೇಳಿದರೆ, ಮೈ ಗಟ್ಟಿಯಿರುವ ಹಳೆಯ ಮರದ ಬೋಟಿಗೆ ಇದ್ದ ಇಂಜಿನ್ನನ್ನೇ ಸರಿಯಾಗಿ ಕಟ್ಟಿಸುವುದು ಮೇಲು; ಬದಲಿಸಲೇಬೇಕಾದರೆ ಅದೇ ಶಕ್ತಿಯದನ್ನು ಕೂರಿಸುವುದು ಕ್ಷೇಮ. ಮೂರು ಪಟ್ಟು ಶಕ್ತಿ ಬೇಕೆನ್ನುವವರು ಅದಕ್ಕೆ ತಕ್ಕ ಬೋಟನ್ನೇ ಕಟ್ಟಿಸಲಿ. ಎರಡರಲ್ಲಿ ಯಾವುದನ್ನು ಆರಿಸಿದರೂ ಹೊಸ ರಿಂಗು ಮೈಗೂಡಲು ಮೊದಲ ಐವತ್ತು ಗಂಟೆಗಳಷ್ಟು ಕಾಲ ಪೂರ್ತಿ ಭಾರ ಹಾಕಬಾರದು, ಸುಮ್ಮನೆ ನಿಲ್ಲಿಸಿ ಓಡಿಸುತ್ತಲೂ ಇರಬಾರದು, ಆಮೇಲೆ ಆಯಿಲ್ ಬದಲಿಸಬೇಕು. ಆಗಸ್ಟ್ ಮೊದಲ ದಿನವೇ ಹತ್ತು ದಿನದ ಟ್ರಿಪ್ಪಿಗೆ ಹೊರಡುವ ಆತುರದಲ್ಲಿ ಇದನ್ನು ಪಾಲಿಸುವವರು ಕಡಿಮೆ. ಕ್ರ್ಯಾಂಕ್ ತಿಕ್ಕುವ ಅಂಗಡಿಯಲ್ಲಿ ಜುಲೈ ತಿಂಗಳು ಪೂರ್ತಿ ಸಾಲು ಇರುತ್ತದೆ. ಆದ್ದರಿಂದ ಬೋಟು ಮಾಲಕರು ಇಂಜಿನ್ನನ್ನು ಜೂನ್ ಮೊದಲ ವಾರದಲ್ಲೇ ಬಿಚ್ಚಿಸಲಿ, ಮೆಕ್ಯಾನಿಕ್ ತೆಗೆದ ಪ್ರತಿ ಅಳತೆಯನ್ನೂ ಒಂದು ಪುಸ್ತಕದಲ್ಲಿ ಬರೆಸಿಡಲಿ, ಇಂಜಿನ್ ಬದಲಾಗಿದ್ದರೆ ಅದರ ನಂಬರನ್ನೂ ಅಶ್ವಶಕ್ತಿಯನ್ನೂ ಮೀನುಗಾರಿಕೆ ಇಲಾಖೆಯ ದಾಖಲೆಯಲ್ಲಿ ತಿದ್ದಿಸಿಕೊಂಡೇ ಕಡಲಿಗೆ ಇಳಿಸಲಿ.